ಹಿಂದೆ ಎಂಬ ಗುಂಡಿ

'ಹಿಂದೆ' ಒತ್ತಿದರೆ ಮತ್ತೆ ಹೆಲ್ಮಿಯೇ ಬಂದಳು.

"ನೋಡಿದ್ಯಾ? ನಾನು ಇವಳನ್ನ ಕರೆದೇ ಇಲ್ಲ," ಎಂದಳು ಲೋರ್ನಾ.

ಅರ್ವಿಡ್ ಹಾಪಲ ಅವಳ ಕುರ್ಚಿಯ ಹಿಂದೆ ನಿಂತು ಬಗ್ಗಿ ನೋಡಿದ. ಪರದೆಯ ಎಡ ಮೂಲೆಯಲ್ಲಿ ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಹೆಸರಿತ್ತು: ಹೆಲ್ಮಿ ಆಹೊ. ದಾಖಲೆ ಒಂದು. ಹುಟ್ಟಿದ್ದು 1914. ಉಪ್ಪು ಕಡಿಮೆ. ಮೀನು ಬೇಡ. ಬೆಕ್ಕು ಒಂದು. ಬಣ್ಣವೂ ಅಕ್ಷರವೂ ಅರ್ವಿಡ್ ಆರಿಸಿದ್ದೇ. ದೊಡ್ಡ ಅಕ್ಷರ ಕಂಡರೆ ಅವನಿಗೆ ಯಾರೋ ಕಿವಿಯಲ್ಲಿ ಕಿರುಚಿದಂತಾಗುತ್ತಿತ್ತು.

"ಇನ್ನೊಂದ್ಸಲ ಮಾಡಿ ತೋರಿಸಿ."

ಲೋರ್ನಾ ತೋರಿಸಿದಳು. 'ವ್ಯಕ್ತಿ' ಫಾರಮ್‌ನಲ್ಲಿ ಒಬ್ಬ ಮುದುಕನನ್ನು ತೆರೆದಳು. ಕೆಳಗಿದ್ದ 'ಊಟ' ಗುಂಡಿ ಒತ್ತಿದಳು. ಅದೇ ಮುದುಕನ ಊಟದ ಫಾರಮ್ ಬಂತು. 'ವಿಳಾಸ' ಒತ್ತಿದಳು, ಅವನ ವಿಳಾಸ ಬಂತು. ಆಮೇಲೆ 'ಹಿಂದೆ' ಒತ್ತಿದಳು. ಊಟದ ಫಾರಮ್ ತಿರುಗಿ ಬಂತು, ಮುದುಕ ಬರಲಿಲ್ಲ. ಅವನ ಜಾಗದಲ್ಲಿ ಹೆಲ್ಮಿ ಕೂತಿದ್ದಳು.

ಮೂರು ವಾರದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ, ಯಾರು ಕೇಳುತ್ತಾರೆ ಎಂದು ಲೋರ್ನಾ ಗೊಣಗಿದಳು. ಅದಕ್ಕೆ ಅರ್ವಿಡ್, ಆ ಗುಂಡಿ ಒತ್ತಬೇಡಿ, ಎಲ್ಲ ಮುಚ್ಚಿ ಮೊದಲಿಂದ ಬನ್ನಿ ಎಂದು ಆವತ್ತೇ ಹೇಳಿದ್ದೆನಲ್ಲ ಎಂದ.

"ಒತ್ತಬಾರದು ಅಂದ್ರೆ ಗುಂಡಿ ಯಾಕಪ್ಪಾ ಇಟ್ಟೆ?"

ಅವಳಿಗೆ ಅರವತ್ತೊಂದು. ಮುಚ್ಚಿಹೋದ ಶಾಲೆಯ ನೆಲಮಾಳಿಗೆಯ ಈ ಕಛೇರಿಯಲ್ಲಿ ಇಪ್ಪತ್ತಾರು ವರ್ಷ ಒಂದು ತಗಡಿನ ಪೆಟ್ಟಿಗೆಯಲ್ಲಿ ಕಾರ್ಡು ಜೋಡಿಸಿಟ್ಟುಕೊಂಡು, ಜಿಲ್ಲೆಯ ಒಂಟಿ ಮುದುಕ ಮುದುಕಿಯರಿಗೆ ಮಧ್ಯಾಹ್ನದ ಊಟ ಕಳಿಸಿದವಳು. ಒಂದು ಕಾರ್ಡೂ ತಪ್ಪಿರಲಿಲ್ಲ. ಹೋದ ಶರತ್ಕಾಲದಲ್ಲಿ ಅರ್ವಿಡ್ ಆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಸುರಿದ. ನಾಲ್ಕು ಫಾರಮ್, ಒಂದರಿಂದ ಇನ್ನೊಂದಕ್ಕೆ ಹೋಗಲು ಕೆಳಗೆ ಸಾಲಾಗಿ ಗುಂಡಿಗಳು. ತಗಡಿನ ಪೆಟ್ಟಿಗೆಯಲ್ಲಿ ಈಗ ಲೋರ್ನಾ ಬಿಸ್ಕತ್ತು ಇಡುತ್ತಾಳೆ.

ತಪ್ಪು ಎಲ್ಲಿದೆಯೆಂದು ಅರ್ವಿಡ್‌ಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಹೋಗುವ ಗುಂಡಿಗಳಿಗೆಲ್ಲ ಯಾರನ್ನು ಜೊತೆಗೆ ಕರೆದೊಯ್ಯಬೇಕೆಂದು ಕಲಿಸಿದ್ದ. 'ಹಿಂದೆ' ಗುಂಡಿಗೆ ಮಾತ್ರ ಫಾರಮ್‌ನ ಹೆಸರು ಹೇಳಿ ಸುಮ್ಮನಾಗಿದ್ದ. ಯಾರನ್ನು ಬಿಟ್ಟು ಬಂದೆ ಎನ್ನುವುದು ಅದಕ್ಕೆ ನೆನಪಿರುವುದಿಲ್ಲ. ನೆನಪಿಲ್ಲದಾಗ ಅದು ಪಟ್ಟಿಯ ಮೊದಲ ದಾಖಲೆಯನ್ನು ತೆಗೆದು ಮುಂದಿಡುತ್ತದೆ. ಒಂದು ಸಾಲು ಬರೆದರೆ ಸರಿಹೋಗುತ್ತಿತ್ತು, ಹದಿನೈದು ನಿಮಿಷದ ಕೆಲಸ. ಮೂರು ವಾರದಿಂದ ಅವನಿಗೆ ಆ ಹದಿನೈದು ನಿಮಿಷ ಸಿಕ್ಕಿರಲಿಲ್ಲ. ಅವನು ಹುಡುಕಿರಲೂ ಇಲ್ಲ.

ಇನ್ನು ಆ ಮೊದಲ ದಾಖಲೆ. ಹೆಲ್ಮಿ ಆಹೊ ಎಂಬುವವಳು ಯಾರೂ ಇಲ್ಲ. ಫಾರಮ್ ಸರಿಯಾಗಿ ಕೆಲಸ ಮಾಡುತ್ತದೋ ಎಂದು ನೋಡಲು ಮೊದಲ ದಿನ ಅರ್ವಿಡ್ ಹುಟ್ಟಿಸಿದ ಹೆಸರು ಅದು. ವಿಳಾಸದ ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಬಿಡುತ್ತಿರಲಿಲ್ಲವಾದ್ದರಿಂದ ತನ್ನದೇ ವಿಳಾಸ ಕೊಟ್ಟ. 'ಸ್ಥಿತಿ' ಎಂಬಲ್ಲಿ 'ಪರೀಕ್ಷೆಗೆ' ಎಂದು ಗುರುತಿಟ್ಟ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಸಂಜೆ ಲೋರ್ನಾ ಹೋದ ಮೇಲೆ ಒಂದೊಂದಾಗಿ ಖಾನೆ ತುಂಬಿದ. ಬೆಕ್ಕು ಬಂತು, ಮೀನು ಬೇಡವಾಯಿತು. ಟಿಪ್ಪಣಿಯ ಜಾಗದಲ್ಲಿ ಬರೆದ: 'ಬಾಗಿಲು ತೆಗೆಯುವುದಿಲ್ಲ, ನಾಚಿಕೆಯ ಸ್ವಭಾವ. ಡಬ್ಬಿ ಜಗುಲಿಯಲ್ಲಿಡಿ.'

ದಕ್ಷಿಣದ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ವರ್ಷ ಕೂತು ಅವನು ಬರೆದು ಮುಗಿಸದೆ ಬಂದ ಪ್ರಬಂಧವೂ ಇದೇ ವಿಷಯದ್ದು, ಯಾರನ್ನೂ ಸೂಚಿಸದ ಹೆಸರುಗಳ ಕುರಿತಾದದ್ದು. ಇನ್ನೂರ ಹನ್ನೆರಡು ಪುಟ. ಅದನ್ನು ಯಾರೂ ಓದಿರಲಿಲ್ಲ. ಹೆಲ್ಮಿಯನ್ನಾದರೂ ಲೋರ್ನಾ ಓದುತ್ತಿದ್ದಳು.

ಇಷ್ಟೇ ಆಗಿದ್ದರೆ ನಗುವ ಮಾತಾಗಿತ್ತು. ಅರ್ವಿಡ್ ಬಾಯಿ ಬಿಡದ ಸಂಗತಿ ಬೇರೊಂದಿತ್ತು.

ಸೋಮವಾರ ಮಧ್ಯಾಹ್ನ ಊಟಕ್ಕೆಂದು ನಡೆದು ಮನೆಗೆ ಹೋದಾಗ ಜಗುಲಿಯ ಮೇಲೆ ಒಂದು ಡಬ್ಬಿಯಿತ್ತು. ಕೈಗೆ ಬೆಚ್ಚಗೆ ತಗುಲಿತು. ಮುಚ್ಚಳದ ಮೇಲಿನ ಚೀಟಿಯಲ್ಲಿ ಹೆಲ್ಮಿ ಆಹೊ ಎಂದಿತ್ತು. ಒಳಗೆ ಬೇಯಿಸಿದ ಮಾಂಸದ ಹೋಳು, ಹಿಸುಕಿದ ಆಲೂಗಡ್ಡೆ, ಕ್ಯಾರೆಟ್ಟು, ಏಲಕ್ಕಿ ಹಾಕಿದ ಬ್ರೆಡ್ಡಿನ ತುಂಡು. ಅರ್ವಿಡ್ ನಕ್ಕುಬಿಟ್ಟ. ಎಲ್ಲೋ 'ಪರೀಕ್ಷೆಗೆ' ಎಂಬುದು ಅಳಿಸಿಹೋಗಿ ಹೆಲ್ಮಿ ಪಟ್ಟಿಗೆ ಸೇರಿಬಿಟ್ಟಿದ್ದಾಳೆ, ಹೋಗಿ ಸರಿಪಡಿಸಬೇಕು ಎಂದುಕೊಂಡ. ಎಂದುಕೊಳ್ಳುತ್ತಲೇ ಕೂತು ಉಂಡ. ಉಪ್ಪು ಕಡಿಮೆಯಿತ್ತು.

ತಾಯಿ ಸತ್ತು ಆರು ವರ್ಷ. ಆಮೇಲೆ ಆ ಬಾಗಿಲಿಗೆ ಯಾರೂ ಏನೂ ತಂದಿಟ್ಟಿರಲಿಲ್ಲ. ಮಂಗಳವಾರವೂ ಡಬ್ಬಿ ಬಂತು. ತಿಂದು, ತೊಳೆದು, ಹೊರಗಿಟ್ಟ. ಬುಧವಾರ ಡಬ್ಬಿಯ ಜೊತೆ ಗಾಡಿಯವನ ಚೀಟಿಯಿತ್ತು: 'ಅಜ್ಜಿ, ಒಂದ್ಸಲ ಕಿಟಕಿ ಹತ್ರ ಬಂದು ಕೈ ಬೀಸಿ. ನೋಡಿದೆ ಅಂತ ನಾನು ಬರೀಬೇಕು.' ಊಟ ತಂದವನು ಆ ಜೀವ ಇದೆಯೋ ಇಲ್ಲವೋ ಕಣ್ಣಾರೆ ನೋಡಿ ಗುರುತು ಹಾಕುವುದು ಈ ಕೆಲಸದ ಅರ್ಧ. ಅರ್ವಿಡ್ ಆ ಚೀಟಿಯ ಹಿಂದೆ ಎಡಗೈಯಲ್ಲಿ 'ಚೆನ್ನಾಗಿದ್ದೀನಿ' ಎಂದು ಬರೆದಿಟ್ಟ. ಯಾಕೆ ಬರೆದೆ ಎಂದು ಕೇಳಿಕೊಳ್ಳಲಿಲ್ಲ. ಗುರುವಾರ ಹನ್ನೊಂದು ಗಂಟೆಯಿಂದಲೇ ಗಡಿಯಾರ ನೋಡುತ್ತಿದ್ದ. ಯಾರೋ ಒಬ್ಬರು ತನ್ನ ಹೊಟ್ಟೆಯ ಬಗ್ಗೆ ಯೋಚಿಸಿದ್ದಾರೆ ಎನ್ನುವುದು ಸುಖವಾಗಿತ್ತು. ಯೋಚಿಸಿದ್ದು ಹೆಲ್ಮಿಯ ಹೊಟ್ಟೆಯ ಬಗ್ಗೆ, ನಿಜ. ಆದರೆ ತುಂಬಿದ್ದು ಯಾರದ್ದು?

ಒಂದು ಡಬ್ಬಿ ಹೆಚ್ಚು ಹೋಗುತ್ತಿದೆ, ಅಷ್ಟೇ ತಾನೆ. ಈ ಶುಕ್ರವಾರ ಬೆಳಿಗ್ಗೆ, ಲೋರ್ನಾ ಗುಂಡಿ ಒತ್ತಿ ತೋರಿಸುವವರೆಗೂ ಅವನು ಹಾಗೆಯೇ ತಿಳಿದಿದ್ದ.

"ಒಂದ್ಮಾತು ಕೇಳ್ತೀನಿ," ಎಂದಳು ಲೋರ್ನಾ, ಕನ್ನಡಕ ತೆಗೆದು ಒರೆಸುತ್ತ. "ನಾನು ಬೇರೆಯವರ ಊಟ ಶುರುಮಾಡ್ತಿದೀನಿ ಅಂದ್ಕೊಂಡು ಇವಳ ಮೇಲೆ ಗುರುತು ಹಾಕಿದ್ರೆ ಏನಾಗುತ್ತೆ?"

"ಏನಾಗುತ್ತೆ ಅಂದ್ರೆ?"

"ಅವರಿಗೆ ಊಟ ಹೋಗುತ್ತಾ?"

ಅರ್ವಿಡ್ ಮನಸ್ಸಿನಲ್ಲೇ ಡಬ್ಬಿಗಳನ್ನು ಎಣಿಸಿದ. ಅಡುಗೆಮನೆಯವರು ಹೋದ ವಾರ ಅರವತ್ತೊಂದು ಡಬ್ಬಿ ಕಟ್ಟಿದ್ದರು. ಈ ವಾರ ಅರವತ್ತೆರಡು. ಒಬ್ಬರು ಆಸ್ಪತ್ರೆಯಿಂದ ವಾಪಸು ಬರುತ್ತಾರೆ, ಅರವತ್ತೆರಡಾಗಬೇಕು ಎಂದು ಎಲ್ಲರಿಗೂ ಗೊತ್ತಿತ್ತು, ಅರವತ್ತೆರಡೇ ಆಗಿತ್ತು. ಲೆಕ್ಕ ಸರಿಯಾಗಿದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೆಚ್ಚಿನ ಡಬ್ಬಿ ಎನ್ನುವುದೇ ಇರಲಿಲ್ಲ. ಹೆಲ್ಮಿಗೆ ಬಂದದ್ದು ಇನ್ನೊಬ್ಬರ ಡಬ್ಬಿ.

"ಹೋದ ಶುಕ್ರವಾರ ಯಾರನ್ನ ಶುರು ಮಾಡಿದ್ರಿ?"

"ಒಬ್ಬಳನ್ನೇ. ಇಂಪಿ ರೌಟಿಯೊ. ಸರೋವರದ ರಸ್ತೇಲಿ ಕೊನೇ ಮನೆ. ಸೊಂಟ ಮುರ್ಕೊಂಡು ಮಲಗಿದ್ಲಲ್ಲ, ಶನಿವಾರ ಮನೆಗೆ ಬಿಡ್ತೀವಿ ಅಂತ ಆಸ್ಪತ್ರೆಯಿಂದ ಫೋನ್ ಬಂದಿತ್ತು. ವಿಳಾಸ ಸರಿ ಇದ್ಯಾ ಅಂತ ನೋಡಿ, ಹಿಂದೆ ಬಂದು..."

ಅವಳ ಬೆರಳೇ ತಾನಾಗಿ ಇಂಪಿಯ ಹೆಸರು ಒತ್ತಿ ಊಟದ ಫಾರಮ್ ತೆರೆಯಿತು. ಸ್ಥಿತಿ: ನಿಲ್ಲಿಸಿದೆ.

ಸೋಮವಾರ, ಮಂಗಳವಾರ ಎಂದು ಲೋರ್ನಾ ಬೆರಳು ಮಡಚಿದಳು. ಆಮೇಲೆ ಫೋನು ಎತ್ತಿ ಇಂಪಿಯ ನಂಬರು ತಿರುಗಿಸಿದಳು. ಅತ್ತ ಗಂಟೆ ಹೊಡೆದುಕೊಳ್ಳುವುದು ಅರ್ವಿಡ್‌ಗೂ ಕೇಳುತ್ತಿತ್ತು. ಇಪ್ಪತ್ತು ಸಲ ಹೊಡೆದುಕೊಂಡಿತು. ಅವಳು ಮೆಲ್ಲಗೆ ಫೋನಿಟ್ಟಳು.

"ಐದು ದಿನ, ಅರ್ವಿಡ್. ಎಂಬತ್ತೇಳು ವರ್ಷ ಅವಳಿಗೆ. ಷೆರಿಫ್‌ಗೆ ಹೇಳ್ತೀನಿ."

"ಬೇಡ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ನಿದ್ದೆ ಮಾಡ್ತಿರಬಹುದು."

ಷೆರಿಫ್ ಪೊಲೀಸಿನವನು, ಬಂದರೆ ಬರೆದುಕೊಳ್ಳುತ್ತಾನೆ. ಊಟ ಯಾರ ಮನೆಗೆ ಹೋಯಿತು ಎಂದು ಕೇಳುತ್ತಾನೆ. ಮುದುಕಿ ಸತ್ತು ಬಿದ್ದಿರಬಹುದಾದ ಹೊತ್ತಿನಲ್ಲಿ ತನಗೆ ಮೊದಲು ಹೊಳೆದದ್ದು ಇದು ಎಂದು ಅರ್ವಿಡ್‌ಗೆ ಅಸಹ್ಯವಾಯಿತು. ಅಸಹ್ಯಪಟ್ಟುಕೊಂಡೇ ಕೋಟು ಹಾಕಿಕೊಂಡ. ಒಂದು ಗಂಟೆಯೊಳಗೆ ಫೋನು ಮಾಡದಿದ್ದರೆ ತಾನು ಯಾರ ಮಾತನ್ನೂ ಕೇಳುವವಳಲ್ಲ ಎಂದು ಲೋರ್ನಾ ಹೇಳಿದ್ದು ಮೆಟ್ಟಿಲ ಮೇಲೆ ಕೇಳಿಸಿತು.

ಕಾರು ಮನೆಯಲ್ಲಿತ್ತು. ಹಿಮ ಬೆಳಗಿನಿಂದ ಬಿಡದೆ ಸುರಿಯುತ್ತಿತ್ತು, ಗಾಳಿಯಿಲ್ಲದೆ, ಸದ್ದಿಲ್ಲದೆ. ರಸ್ತೆಯ ಎರಡೂ ಬದಿ ಆಳೆತ್ತರ ಒಟ್ಟಿದ ಹಿಮದ ನಡುವೆ ನಡೆಯುತ್ತ ಅವನಿಗೆ ತಾನು ನಡೆಯುತ್ತಿಲ್ಲ, ಯಾರೋ ಒಂದೊಂದೇ ಬೀದಿಯನ್ನು ತೆರೆದು ಮುಚ್ಚುತ್ತಿದ್ದಾರೆ ಅನ್ನಿಸಿತು. ಕಬ್ಬಿಣದ ಅಂಗಡಿ ಬಂತು, ಹೋಯಿತು. ಇಗರ್ಜಿ ಬಂತು, ಹೋಯಿತು. ಎದುರಾದ ಒಬ್ಬ ಹೆಂಗಸು ಗೋಣು ಆಡಿಸಿದಳು. ಅವನೂ ಆಡಿಸಿದ. ಅವಳು ಯಾರೆಂದು ಗೊತ್ತಿರಲಿಲ್ಲ.

ಮನೆಯ ಮುಂದೆ ಊಟದ ಗಾಡಿ ನಿಂತಿತ್ತು.

ಗಾಡಿಯವನ ಹೆಸರು ಡ್ಯೂಯಿ. ಮರದ ದಿಮ್ಮಿಯ ಲಾರಿ ಓಡಿಸಿ ನಿವೃತ್ತನಾಗಿ, ಜನವರಿಯಲ್ಲಷ್ಟೇ ಈ ಕಡೆಗೆ ಬಂದವನು. ಅಡುಗೆಮನೆಯ ಹಿಂಬಾಗಿಲಲ್ಲಿ ಪಟ್ಟಿ ಮತ್ತು ಡಬ್ಬಿ ತೆಗೆದುಕೊಂಡು ಹೊರಡುವವನಾದ್ದರಿಂದ ಅರ್ವಿಡ್‌ನ ಮುಖ ಕಂಡವನಲ್ಲ. ಡಬ್ಬಿ ಹಿಡಿದು ಜಗುಲಿಯ ಮೇಲೆ ನಿಂತು ಕಿಟಕಿಯೊಳಗೆ ಇಣುಕುತ್ತಿದ್ದ.

"ನೀವು ಅಜ್ಜಿ ಮಗನಾ?"

"ಅಲ್ಲ. ಇಲ್ಲೇ ಇರೋನು."

"ಹೇಗಿದಾಳೆ?"

"ಇದಾಳೆ."

ಡ್ಯೂಯಿಗೆ ಸಮಾಧಾನವಾಯಿತು. ಒಂದು ದಿನವೂ ಮುಖ ತೋರಿಸಿಲ್ಲ ನೋಡಿ, ಆದರೂ ಅರವತ್ತೆರಡು ಮನೆಗಳಲ್ಲಿ ಡಬ್ಬಿ ತೊಳೆದಿಡುವವಳು ಇವಳೊಬ್ಬಳೇ ಎಂದು ಹೊಗಳಿದ. ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದ. ಓರೆಕೋರೆಯಾಗಿ 'ಚೆನ್ನಾಗಿದ್ದೀನಿ' ಎಂದಿತ್ತು.

"ನನ್ನ ಹೆಂಡ್ತಿಗೆ ತೋರಿಸ್ದೆ. ಕೈ ನಡುಗುತ್ತೆ ಪಾಪ, ಅಂದ್ಲು. ಭಾನುವಾರ ಅವಳೂ ಬರ್ತಾಳಂತೆ ನೋಡೋಕೆ."

ಅರ್ವಿಡ್ ಬೂಟಿನ ತುದಿ ನೋಡುತ್ತ, ಸರೋವರದ ರಸ್ತೆ ಕಡೆ ಹೋಗುತ್ತೀರಾ ಎಂದು ಕೇಳಿದ. ಈ ವಾರ ಆ ಕಡೆ ಯಾರೂ ಇಲ್ಲ, ದೇವರು ದೊಡ್ಡವನು, ದಿನಕ್ಕೆ ಅರ್ಧ ಗಂಟೆ ಉಳಿಯಿತು ಎಂದ ಡ್ಯೂಯಿ. ಹೇಳಿಬಿಡಬಹುದಿತ್ತು. ಗಾಡಿಗೆ ನಾಲ್ಕೂ ಚಕ್ರಕ್ಕೆ ಸರಪಳಿ ಕಟ್ಟಿತ್ತು, ಡ್ಯೂಯಿ ಗಟ್ಟಿ ಆಳು, ಇಬ್ಬರೂ ಹೋದರೆ ಹತ್ತು ನಿಮಿಷದಲ್ಲಿ ಮುಟ್ಟುತ್ತಿದ್ದರು. ಅರ್ವಿಡ್ ಕೈ ಚಾಚಿದ. ಡ್ಯೂಯಿ ಡಬ್ಬಿಯನ್ನು ಅವನ ಕೈಗಿಟ್ಟ.

"ಇವತ್ತು ಎಲ್ಲರಿಗೂ ಮೀನು. ಇವಳಿಗೆ ಆಗಲ್ವಲ್ಲ, ಅದಕ್ಕೆ ಹಿಟ್ಟಿನೊಳಗೆ ಮಾಂಸ ತುಂಬಿ ಪ್ಯಾಸ್ಟಿ ಮಾಡ್ಸಿದೀನಿ. ಬಿಸಿ ಇರೋವಾಗ್ಲೇ ತಿನ್ನೋಕೆ ಹೇಳಿ."

ಅಡುಗೆಯವರಿಗೆ ಹೇಳಿ ಬೇರೆ ಮಾಡಿಸಿದ್ದ. ಅರ್ವಿಡ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಊರಿನಲ್ಲಿ ತನಗಿಂತ ಹೆಲ್ಮಿಗೆ ಹೆಚ್ಚು ಜನ ಇದ್ದಾರೆ ಎಂಬ ಹೊಟ್ಟೆಕಿಚ್ಚೂ ಅವನಿಗೆ ಸ್ವಲ್ಪ ಆಯಿತು.

ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟು, ಜಾರದಿರಲೆಂದು ಪಟ್ಟಿ ಕಟ್ಟಿ, ಕಾರು ಬಿಟ್ಟ. ಊರು ಮುಗಿದ ಮೇಲೆ ಮುಚ್ಚಿದ ತಾಮ್ರದ ಗಣಿಯ ಗೋಪುರ ಒಂದು ಕ್ಷಣ ಕಂಡು ಹಿಮದಲ್ಲಿ ಮುಳುಗಿತು. ಆಚೆಗೆ ಏನೂ ಇರಲಿಲ್ಲ. ಸರೋವರ ಯಾವುದು, ನೆಲ ಯಾವುದು, ಆಕಾಶ ಎಲ್ಲಿಂದ ಶುರು ಎನ್ನುವುದು ತಿಳಿಯುತ್ತಿರಲಿಲ್ಲ. ಒರೆಸುಕಡ್ಡಿ ಗಾಜಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಮಾಂಸ, ಈರುಳ್ಳಿ, ಬೆಂದ ಹಿಟ್ಟಿನ ವಾಸನೆ ಕಾರಿನ ತುಂಬ ಹರಡಿತು. ಪಕ್ಕದಲ್ಲಿ ಹೆಲ್ಮಿ ಕೂತಿದ್ದಾಳೆ, ಕಪ್ಪು ಶಾಲು ಹೊದ್ದಿದ್ದಾಳೆ, ಮಡಿಲಲ್ಲಿ ಬೆಕ್ಕಿದೆ ಎಂದು ಅರ್ವಿಡ್‌ಗೆ ಅನ್ನಿಸಿತು. ಅವಳಿಗೆ ನಾಚಿಕೆ, ಅದಕ್ಕೇ ಮಾತಾಡುವುದಿಲ್ಲ. ಅವನು ತಿರುಗಿ ನೋಡಲಿಲ್ಲ. ನೋಡಿದರೆ ಡಬ್ಬಿ ಮಾತ್ರ ಇರುತ್ತದೆ ಎಂದು ಗೊತ್ತಿತ್ತು.

ಇಂಪಿ ಸತ್ತಿದ್ದರೆ ಏನು ಮಾಡುವುದು? ಪ್ರಶ್ನೆ ದೂರದ ಯಾರನ್ನೋ ಕೇಳಿದಂತೆ ಬಂತು. ಫಾರಮ್‌ನಲ್ಲಿ ಅದಕ್ಕೂ ಒಂದು ಖಾನೆಯಿದೆ. ಸ್ಥಿತಿ ಬದಲಿಸಿ, ದಿನಾಂಕ ಬರೆದು, 'ಮುಚ್ಚು' ಒತ್ತಬೇಕು. ಯಾವ ದಿನಾಂಕ ಎನ್ನುವಲ್ಲಿ ಕಾರು ಪಕ್ಕಕ್ಕೆ ಜಾರಿತು. ಸರಿಮಾಡಿಕೊಂಡ. ಬದುಕಿರಲಿ ಎಂದು ಜೋರಾಗಿಯೇ ಹೇಳಿದ. ಯಾರಿಗೆ ಹೇಳಿದೆ ಎಂದು ತಿಳಿಯಲಿಲ್ಲ.

ಹಿಮ ತಳ್ಳುವ ಗಾಡಿ ಕೊನೆಯ ತಿರುವಿನವರೆಗೆ ಮಾತ್ರ ಬಂದಿತ್ತು. ಅಲ್ಲಿಂದ ಮುಂದೆ ಮನೆಯ ಬಾಗಿಲವರೆಗೆ ಮೊಣಕಾಲುದ್ದದ ಹಿಮ ಹಾಸಿ ಬಿದ್ದಿತ್ತು. ಒಂದು ಹೆಜ್ಜೆಯ ಗುರುತೂ ಇಲ್ಲ. ನಾಯಿಯದ್ದೂ ಇಲ್ಲ, ಹಕ್ಕಿಯದ್ದೂ ಇಲ್ಲ. ಶನಿವಾರ ಇಂಪಿಯನ್ನು ಬಿಟ್ಟುಹೋದವರ ಹೆಜ್ಜೆ ಎಲ್ಲೋ ಅದರಡಿಯಲ್ಲಿರಬೇಕು. ಅರ್ವಿಡ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಕಾಲು ಕಿತ್ತು ಕಿತ್ತು ಇಟ್ಟ.

ಬಾಗಿಲು ತಟ್ಟಿದ. ಉತ್ತರವಿಲ್ಲ. ದೂಡಿದರೆ ತೆರೆಯಿತು. ಒಳಗೆ ಸೌದೆ ಒಟ್ಟಿದ ಕತ್ತಲ ಪಡಸಾಲೆ, ಅದರಾಚೆ ಇನ್ನೊಂದು ಬಾಗಿಲು. ಅದರಾಚೆ ಬೂಟು ಕೋಟುಗಳ ಕೋಣೆ, ಅದರಾಚೆ ಮತ್ತೊಂದು. ಚಳಿಗೆ ಹೆದರಿ ಕಟ್ಟಿದ ಮನೆಗಳೆಲ್ಲ ಹೀಗೆಯೇ. ಪ್ರತಿ ಬಾಗಿಲೂ ಅವನ ಬೆನ್ನ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಮೂರನೆಯದರ ಹಿಡಿ ಹಿಡಿದು ಅವನು ಬಹಳ ಹೊತ್ತು ನಿಂತ.

ಅಡುಗೆಮನೆಯಲ್ಲಿ ಮೇಜು. ಮೇಜಿನ ಮೇಲೆ ಒಂದು ಖಾಲಿ ತಟ್ಟೆ, ಬಲಕ್ಕೆ ಚಾಕು, ಎಡಕ್ಕೆ ಫೋರ್ಕು, ಮೂಲೆಗೆ ಮೂಲೆ ಸೇರಿಸಿ ಮಡಚಿದ ಬಟ್ಟೆ. ಮೇಜಿನ ಮುಂದೆ ಇಂಪಿ ರೌಟಿಯೊ ಕೂತಿದ್ದಳು. ಕೂದಲು ಬಾಚಿತ್ತು. ಕಣ್ಣು ಮುಚ್ಚಿತ್ತು.

ಅರ್ವಿಡ್‌ಗೆ ಕೂಗಬೇಕೆನ್ನಿಸಿತು. ಅವಳ ಎದೆ ಏರಿಳಿಯುತ್ತಿದೆಯೇ ಎಂದು ಬಗ್ಗಿ ನೋಡಿದ.

"ಹಿಮ ಝಾಡಿಸ್ಕೊಂಡು ಬಾ," ಎಂದಳು ಇಂಪಿ, ಕಣ್ಣು ಬಿಡದೆ. "ನೆಲ ಒದ್ದೆಯಾಗುತ್ತೆ."

ಅವನು ಕೋಣೆಗೆ ಹಿಂತಿರುಗಿ ಬೂಟು ಝಾಡಿಸಿದ. ಗೋಡೆಗೆ ಹಣೆ ಒತ್ತಿ ಎರಡು ನಿಮಿಷ ಅತ್ತ. ಮುಖ ಒರೆಸಿಕೊಂಡು ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಊಟದ ಕಛೇರಿಯವನು ಎಂದ. ಅವಳೀಗ ಕಣ್ಣು ಬಿಟ್ಟಿದ್ದಳು. ತಿಳಿನೀಲಿ ಕಣ್ಣು, ಸುತ್ತ ಕಪ್ಪು. ಕೈಗಳು ಮೇಜಿನ ಮೇಲೆ ಎಲುಬಿನ ಹಾಗೆ ಬಿದ್ದಿದ್ದವು. ಏನು ತಿಂದಿರಿ ಎಂದು ಕೇಳಿದ. ಓಟ್ಸು ಮಂಗಳವಾರದವರೆಗೆ ಬಂತು, ಆಮೇಲೆ ಕಾಫಿಗೆ ಒಣ ಬ್ರೆಡ್ಡು ಅದ್ದಿಕೊಂಡೆ, ನಿನ್ನೆಯಿಂದ ಕಾಫಿ ಎಂದಳು. ದೂರು ಹೇಳುವ ಧ್ವನಿಯೇನಲ್ಲ. ಬೆಳಿಗ್ಗೆ ಫೋನು ಹೊಡೆದುಕೊಂಡಿತು, ಏಳುವಷ್ಟರಲ್ಲಿ ನಿಂತುಹೋಯಿತು, ನನಗ್ಯಾರು ಮಾಡುತ್ತಾರೆ ಎಂದು ಸುಮ್ಮನಾದೆ ಎಂದಳು. ದಿನವೂ ಹನ್ನೊಂದೂವರೆಗೆ ಮೇಜು ಸಿದ್ಧ ಮಾಡಿ ಕೂತಿದ್ದಳು.

"ನೀವೇ ಒಂದು ಫೋನ್ ಮಾಡಬಹುದಿತ್ತಲ್ಲ."

"ಮಾಡೋಣ ಅಂದ್ಕೊಂಡೆ. ಆಮೇಲೆ ಯಾಕೋ ಬಿಟ್ಟೆ. ನಿಮ್ಮಲ್ಲಿ ಕಂಪ್ಯೂಟರ್ ಬಂದಿದೆಯಂತಲ್ಲ. ಯಾರು ಇದಾರೆ, ಯಾರು ಇಲ್ಲ, ಎಲ್ಲ ಅದಕ್ಕೆ ಗೊತ್ತಿರುತ್ತೆ ಅಂತ ಲೋರ್ನಾ ಹೇಳಿದ್ಲು. ಊಟ ಬರ್ಲಿಲ್ಲ. ಹಾಗಾದ್ರೆ ನಾನಿಲ್ಲವೇನೋ ಅಂದ್ಕೊಂಡೆ."

ಅವಳು ನಗುತ್ತಿದ್ದಾಳೆಯೇ ಎಂದು ಅರ್ವಿಡ್ ಮುಖ ನೋಡಿದ. ನಗುತ್ತಿರಲಿಲ್ಲ. ಅವನು ಡಬ್ಬಿಯನ್ನು ಅವಳ ಮುಂದೆ ಸರಿಸಿದ. ಅವಳ ಮೂಗಿನ ಹೊಳ್ಳೆ ಅರಳಿತು. ಕೈ ಮುಚ್ಚಳದವರೆಗೆ ಹೋಯಿತು. ಅಲ್ಲಿ ನಿಂತಿತು. ಅವಳು ಕನ್ನಡಕ ಹುಡುಕಿ ಹಾಕಿಕೊಂಡು ಚೀಟಿಯನ್ನು ಓದಿದಳು.

"ಇದು ನಂದಲ್ಲ."

"ಪರವಾಗಿಲ್ಲ, ತಿನ್ನಿ."

"ಹೆಲ್ಮಿ ಆಹೊ ಅಂತ ಬರೆದಿದೆ."

"ಹೆಸರು ತಪ್ಪಾಗಿದೆ, ಅಷ್ಟೇ."

ಇಂಪಿ ಡಬ್ಬಿಯನ್ನು ವಾಪಸು ತಳ್ಳಿದಳು. ಅವಳ ಅಪ್ಪ ಗಣಿಗೆ ಇಳಿಯುತ್ತಿದ್ದವನು. ಅವ್ವ ಪ್ಯಾಸ್ಟಿಯ ಹಿಟ್ಟಿನ ಅಂಚಿಗೆ ಫೋರ್ಕಿನ ತುದಿಯಿಂದ ಅವನ ಹೆಸರಿನ ಅಕ್ಷರ ಕೊರೆದು ಬೇಯಿಸುತ್ತಿದ್ದಳು. ನೆಲದಡಿಯ ಕತ್ತಲಲ್ಲಿ ಬೆರಳಿನಿಂದ ಮುಟ್ಟಿ ನೋಡಿ, ತನ್ನ ಅಕ್ಷರವಿದ್ದದ್ದನ್ನು ಮಾತ್ರ ತಿನ್ನಬೇಕು. ಇನ್ನೊಬ್ಬನದ್ದು ತಿಂದರೆ ಅವನು ಮೇಲೆ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಇದನ್ನೆಲ್ಲ ಅವಳು ಉಸಿರು ಹಿಡಿದು ಹಿಡಿದು ಹೇಳಿದಳು. ಐದು ದಿನ ಹಸಿದವಳ ಹಟ ನೋಡಿ ಅರ್ವಿಡ್‌ಗೆ ರೇಗಿತು, ಹೆದರಿಕೆಯೂ ಆಯಿತು.

"ಅವಳಿಗೆ ಕೊಡು, ಹೋಗು. ಪಾಪ, ಕಾಯ್ತಿರ್ತಾಳೆ. ಕಾಯೋದು ಅಂದ್ರೆ ಏನು ಅಂತ ನಂಗೊತ್ತು."

ಹೆಲ್ಮಿ ಎಂಬುವವಳು ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಒಂದು ವಾಕ್ಯದ ಬೆನ್ನಿಗೆ ಉಳಿದದ್ದೆಲ್ಲ ಹೇಳಬೇಕಾಗುತ್ತಿತ್ತು. ಬೂದು ಅಕ್ಷರ, ಎಡಗೈಯ ಚೀಟಿ, ತೊಳೆದ ಡಬ್ಬಿ.

"ಅವರು ಇಲ್ಲ," ಎಂದ.

"ಇಲ್ಲ ಅಂದ್ರೆ? ಸತ್ತುಹೋದ್ಲಾ?"

ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಅರ್ವಿಡ್ ಹೌದೆಂದು ತಲೆಯಾಡಿಸಿದ. ಆಡಿಸುವಾಗ ನಿಜವಾಗಿಯೂ ದುಃಖವಾಯಿತು.

ಇಂಪಿ ಕೈ ಜೋಡಿಸಿ ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಡಬ್ಬಿ ತೆರೆದು, ಪ್ಯಾಸ್ಟಿಯನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಮುಚ್ಚಳದ ಮೇಲಿಟ್ಟು ಅವನಿಗೆ ಕೊಟ್ಟಳು. ಸತ್ತವರದ್ದನ್ನು ಒಬ್ಬರೇ ತಿನ್ನಬಾರದು ಎಂದಳು. ನಿಧಾನವಾಗಿ ತಿಂದಳು, ಒಂದೊಂದು ತುತ್ತನ್ನೂ ನಂಬದವಳಂತೆ. ಕೆನ್ನೆಗೆ ಕೆಂಪು ಬಂತು. ಅರ್ವಿಡ್ ತನ್ನ ಪಾಲನ್ನು ಮುಟ್ಟದೆ ಕೂತಿದ್ದ. ಒಂದು ಗಂಟೆ ಆಗುತ್ತ ಬಂದಿತ್ತು. ಲೋರ್ನಾಗೆ ಫೋನು ಮಾಡಬೇಕು, ಬದುಕಿದ್ದಾಳೆ ಎನ್ನಬೇಕು. ಅಷ್ಟು ಹೇಳಿದರೆ ಅವಳು ಅಳುತ್ತಾಳೆ, ನಗುತ್ತಾಳೆ, ಎಲ್ಲ ಸರಿಹೋಗುತ್ತದೆ. ಏಳಬೇಕೆಂದುಕೊಂಡ.

"ಮಣ್ಣು ಯಾವತ್ತು? ನಾನು ಬರ್ತೀನಿ. ಕಪ್ಪು ಕೋಟಿದೆ. ನೀನು ಗಾಡಿ ತಂದ್ರೆ ಬರ್ತೀನಿ."

"ಇನ್ನೂ... ಗೊತ್ತಿಲ್ಲ."

"ಮನೇಲಿ ಯಾರಿದ್ರು?"

"ಒಬ್ಬರೇ."

"ಯಾವಾಗ ಸತ್ತಿದ್ದು?"

"ಸ... ಸೋಮವಾರ." ಬೇರೆ ದಿನ ಬಾಯಿಗೆ ಬರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಇವತ್ತು ಬೆಳಿಗ್ಗೆ."

ಇಂಪಿ ಫೋರ್ಕು ಕೆಳಗಿಟ್ಟಳು. "ಅಲ್ಲೀವರೆಗೂ ಯಾರೂ ಬಾಗಿಲು ತಟ್ಲಿಲ್ವಾ?"

"ದಿನಾ ತಟ್ಟಿದ್ರು. ಊಟ ಜಗುಲಿ ಮೇಲಿಟ್ಟು ಹೋದ್ರು. ಖಾಲಿ ಡಬ್ಬಿ ಹೊರಗೆ ಇರ್ತಿತ್ತು, ಅದಕ್ಕೇ ಇದಾರೆ ಅಂತ..."

ಹೇಳಿಬಿಟ್ಟ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಇಂಪಿಯ ನೀಲಿ ಕಣ್ಣು ಅವನ ಮೇಲೆ ನೆಟ್ಟಿತ್ತು. ಅದರಲ್ಲಿ ಸಂಶಯವಿರಲಿಲ್ಲ, ಬರೀ ಅರ್ಥವಾಗದ್ದನ್ನು ತಿಳಿದುಕೊಳ್ಳುವ ಆಸೆಯಿತ್ತು.

"ಮತ್ತೆ ಆ ಊಟ ಯಾರು ತಿಂದ್ರು?" ಎಂದಳು.

ಮೂಲೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿನಗೇ ಇರಬೇಕು ಎಂದಳು ಇಂಪಿ. ಅರ್ವಿಡ್ ಏಳಲಿಲ್ಲ. ಕಿಟಕಿಯಿಂದ ರಸ್ತೆಯವರೆಗಿನ ಬಿಳುಪಿನಲ್ಲಿ ಒಂದೇ ಸಾಲು ಹೆಜ್ಜೆಗಳಿದ್ದವು, ಎಲ್ಲವೂ ಮನೆಯ ಕಡೆ ಮುಖ ಮಾಡಿದವು. ತಿರುವಿನ ಬಳಿಯವು ಆಗಲೇ ತುಂಬಿಹೋಗಿದ್ದವು, ಕಾರು ಕಾಣುತ್ತಿರಲಿಲ್ಲ. ಹಿಮ ಒಂದೊಂದೇ ಹೆಜ್ಜೆಯನ್ನು ಮುಚ್ಚಿಕೊಂಡು ಬಾಗಿಲ ಕಡೆಗೆ ಬರುತ್ತಿತ್ತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವನು ಮುಚ್ಚಳದ ಮೇಲಿದ್ದ ತುಂಡನ್ನು ಕೈಗೆತ್ತಿಕೊಂಡು, ಅದರ ಅಂಚನ್ನು ಕುರುಡನಂತೆ ಬೆರಳಿನಿಂದ ಸವರಿ ಸವರಿ ನೋಡುತ್ತ ಕೂತ. ಅಲ್ಲಿ ಯಾವ ಅಕ್ಷರವೂ ಇರಲಿಲ್ಲ.